ನಿಲುಗಲ್ಲಿನ ಊರಿನಲ್ಲಿ ಉತ್ಖನನ ನಡೆದರೆ ನಾವೇನು ಮಾಡಬಹುದು?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಅಡಿಕೆ ತೋಟದ ಮೇಲಿನ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ಆಳೆತ್ತರದ ಕಲ್ಲುಗಳು ನಿಂತಿವೆ. ಕಳೆದ ವರ್ಷ ಬಸಿಗಾಲುವೆ ತೋಡುವಾಗ ಕಪ್ಪು-ಕೆಂಪು ಬಣ್ಣದ ಮಡಕೆ ಚೂರುಗಳು, ಕಬ್ಬಿಣದ ಕಿಟ್ಟ ಸಿಕ್ಕವು. ನಮ್ಮ ಯುವಕ ಸಂಘದವರೆಲ್ಲ ಉತ್ಖನನಕ್ಕೆ ಕೈಜೋಡಿಸಲು ತಯಾರಿದ್ದೇವೆ, ಕೂಲಿ ಬೇಡ. ಹೇಗೆ ಸೇರುವುದು? ಇಲಾಖೆಯವರು ಬರುವವರೆಗೆ ಭಾನುವಾರಗಳಲ್ಲಿ ನಾವೇ ಒಂದೆರಡು ಅಡಿ ಅಗೆದು ನೋಡಬಹುದೇ? ವಿಷಯ ಹೊರಗೆ ಗೊತ್ತಾದರೆ ಸರ್ಕಾರ ತೋಟ ಕಿತ್ತುಕೊಳ್ಳುತ್ತದೆ ಎಂದು ಮನೆಯ ಹಿರಿಯರು ಹೆದರುತ್ತಾರೆ. ಅದು ನಿಜವೇ?

ಉತ್ತರ: ಎರಡನೇ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಅದು ತುರ್ತಿನದು. ಅಗೆಯಬೇಡಿ. ಒಂದಡಿಯೂ ಬೇಡ, ಕುತೂಹಲಕ್ಕೂ ಬೇಡ.

ಮೊದಲು ಕಾನೂನಿನ ಮಾತು. ನಮ್ಮ ದೇಶದಲ್ಲಿ ಉತ್ಖನನ ಮಾಡಲು ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಪರವಾನಗಿ ಬೇಕು. ವಿಶ್ವವಿದ್ಯಾಲಯವಾಗಲಿ, ರಾಜ್ಯದ ಪುರಾತತ್ವ ಇಲಾಖೆಯಾಗಲಿ, ಯಾವ ಜಾಗ, ಯಾಕೆ ಅಗೆಯಬೇಕು, ಯಾರ ಮೇಲುಸ್ತುವಾರಿ ಎಂದೆಲ್ಲ ಬರೆದು ಅನುಮತಿ ಪಡೆದ ಮೇಲೆಯೇ ಗುದ್ದಲಿ ಹಾಕುತ್ತಾರೆ. ಯುವಕ ಸಂಘಕ್ಕೆ ಆ ಪರವಾನಗಿ ಸಿಗುವುದಿಲ್ಲ. ಮಲೆನಾಡಿನಲ್ಲಿ ನಿಧಿಗಳ್ಳರ ಕಾಟ ಎಷ್ಟು ಅಂತ ನಿಮಗೇ ಗೊತ್ತು. ನಿಂತ ಕಲ್ಲಿನ ಬುಡದಲ್ಲಿ ಹೊಸ ಗುಂಡಿ ಕಂಡರೆ ಅದು ಯಾರು ತೋಡಿದ್ದು, ಯಾವ ಉದ್ದೇಶಕ್ಕೆ ಎಂದು ನೋಡಿದವರಿಗೆ ಹೇಗೆ ಗೊತ್ತಾಗಬೇಕು?

ಆದರೆ ನನಗೆ ಕಾನೂನಿಗಿಂತ ದೊಡ್ಡದಾಗಿ ಕಾಣುವ ಕಾರಣ ಬೇರೆ. ಒಂದು ಜಾಗದ ಮಣ್ಣನ್ನು ಒಂದೇ ಸಲ ಅಗೆಯಲು ಸಾಧ್ಯ. ಮಡಕೆ ಚೂರು ನಿಮ್ಮ ಕೈಯಲ್ಲಿದ್ದರೆ ಅದು ಹೇಳುವುದು ಸ್ವಲ್ಪ. ಅದು ಎಷ್ಟು ಆಳದಲ್ಲಿತ್ತು, ಯಾವ ಬಣ್ಣದ ಮಣ್ಣಿನ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು ಎಂಬುದರಲ್ಲಿ ಉಳಿದದ್ದೆಲ್ಲ ಇರುತ್ತದೆ. ನಿಮಗೆ ಸಿಕ್ಕ ಕಿಟ್ಟವನ್ನೇ ನೋಡಿ. ಕಬ್ಬಿಣ ಕರಗಿಸಿದಾಗ ಉಳಿಯುವ ಕಸ ಅದು. ಅದೊಂದನ್ನೇ ನೋಡಿ ಸಾವಿರ ವರ್ಷ ಹಳೆಯದೋ ಇನ್ನೂರು ವರ್ಷ ಹಳೆಯದೋ ಹೇಳುವುದು ಬಹಳ ಕಷ್ಟ. ಅದೇ ಪದರದಲ್ಲಿ ಕದಡದೆ ಉಳಿದ ಒಂದು ಇದ್ದಿಲ ಚೂರು ಸಿಕ್ಕಿದರೆ, ಇಂಗಾಲದ ಪರೀಕ್ಷೆಯಿಂದ ಆ ಕುಲುಮೆಯ ಕಾಲವನ್ನು ಅಂದಾಜು ಮಾಡಬಹುದು. ಭಾನುವಾರದ ಗುದ್ದಲಿ ಇವೆರಡನ್ನೂ ಒಂದೇ ಗುಡ್ಡೆಗೆ ಎಳೆದು ಹಾಕಿಬಿಟ್ಟರೆ, ಯಾವ ಇದ್ದಿಲು ಯಾವ ಕಾಲದ್ದು ಎಂಬುದು ಮತ್ತೆ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಮಣ್ಣಿನಲ್ಲಂತೂ ಇದು ಇನ್ನೂ ಸೂಕ್ಷ್ಮ. ಜಂಬಿಟ್ಟಿಗೆಯ ಕೆಂಪು ನೆಲ, ಹುಳಿ ಅಂಶ ಜಾಸ್ತಿ, ಮೇಲಿಂದ ಹುಲಿಕಲ್, ಮಾಸ್ತಿಕಟ್ಟೆ ಕಡೆಯ ಮಳೆ. ಇಂಥ ಕಡೆ ಎಲುಬು ಉಳಿಯುವುದು ಅಪರೂಪ. ಮರದ ಕಂಬ ಕೊಳೆತು ಹೋಗಿರುತ್ತದೆ. ಅದು ನಿಂತಿದ್ದ ಜಾಗದಲ್ಲಿ ಮಣ್ಣು ತುಸು ಕಪ್ಪಾಗಿ, ತುಸು ಮೆದುವಾಗಿ ಇರುತ್ತದೆ, ಅಷ್ಟೇ. ಅನುಭವಿಗಳು ಕರಣೆಯಿಂದ ನೆಲವನ್ನು ತೆಳ್ಳಗೆ ಹೆರೆದು, ನೀರು ಚಿಮುಕಿಸಿ, ಬಣ್ಣದ ವ್ಯತ್ಯಾಸ ನೋಡಿ, ಇಲ್ಲಿ ಒಂದು ಕಂಬ ಇತ್ತು, ಅಲ್ಲಿ ಇನ್ನೊಂದು, ಇದು ಗುಂಡನೆಯ ಗುಡಿಸಲು ಎಂದು ಗುರುತಿಸುತ್ತಾರೆ. ಗೊತ್ತಿಲ್ಲದವರಿಗೆ ಅದು ಬರೀ ಮಣ್ಣು. ಹಾರೆಯಲ್ಲಿ ಎರಡು ಸಲ ಮೀಟಿದರೆ ಇಡೀ ಮನೆ ಹೋಯಿತು.

ನಿಂತ ಕಲ್ಲುಗಳ ಬಗ್ಗೆ ನಿಮ್ಮ ತಾಲ್ಲೂಕಿನಲ್ಲೇ ಒಳ್ಳೆಯ ಉದಾಹರಣೆ ಇದೆ. ನಿಲಸ್ಕಲ್ ಮತ್ತು ಬೈಸೆಯ ಕಲ್ಲುಗಳನ್ನು ಸಂಶೋಧಕರು ಅಳತೆ ಮಾಡಿ ನಕ್ಷೆ ಬರೆದಿದ್ದಾರೆ. ಕೆಲವು ಜೋಡಿ ಕಲ್ಲುಗಳನ್ನು ಸೇರಿಸುವ ಗೆರೆ, ಅಯನ ಬದಲಾಗುವ ದಿನಗಳಂದು (ವರ್ಷದ ಅತಿ ದೀರ್ಘ ಮತ್ತು ಅತಿ ಚಿಕ್ಕ ಹಗಲಿನ ದಿನಗಳಂದು) ಸೂರ್ಯ ಹುಟ್ಟುವ ಮತ್ತು ಮುಳುಗುವ ದಿಕ್ಕಿಗೆ ನೇರವಾಗಿದೆ ಎಂದು ಅವರು ತೋರಿಸಿದರು. ಹೆರ್ಗಲ್, ಮುಂಬಾರು, ಆರಗ ಗೇಟಿನ ಕಲ್ಲುಗಳನ್ನೂ ಇದೇ ದೃಷ್ಟಿಯಿಂದ ನೋಡಿದ್ದಾರೆ. ಯೋಚಿಸಿ, ಇಲ್ಲಿ ಸಾಕ್ಷ್ಯ ಇರುವುದು ಕಲ್ಲಿನಲ್ಲಲ್ಲ, ಎರಡು ಕಲ್ಲಿನ ನಡುವಿನ ಅಂತರದಲ್ಲಿ, ದಿಕ್ಕಿನಲ್ಲಿ. ಬೇಲಿಗೆ ಅಡ್ಡ ಬಂತೆಂದು ಒಂದು ಕಲ್ಲನ್ನು ಜೆಸಿಬಿಯಲ್ಲಿ ಹತ್ತಡಿ ಸರಿಸಿದರೆ, ಕಲ್ಲು ಉಳಿದರೂ ಅದು ಹೇಳುತ್ತಿದ್ದ ವಿಷಯ ಹೋಯಿತು. ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸುವ ಒಳ್ಳೆಯ ಮನಸ್ಸಿನವರೂ ಇರುತ್ತಾರೆ. ದಯವಿಟ್ಟು ಅದನ್ನೂ ಮಾಡಬೇಡಿ.

ಈಗ ಮೊದಲ ಪ್ರಶ್ನೆ. ಹೌದು, ಊರಿನವರು ಉತ್ಖನನದಲ್ಲಿ ಸೇರಬಹುದು. ಆದರೆ ಅರ್ಜಿ ತುಂಬಿ ಸೇರುವಂಥ ಒಂದು ಸಿದ್ಧ ವ್ಯವಸ್ಥೆ ನಮ್ಮಲ್ಲಿ ಇಲ್ಲ. ಆ ಉತ್ಖನನದ ನಿರ್ದೇಶಕರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಾಮಾನ್ಯವಾಗಿ ಒಂದು ತಂಡದಲ್ಲಿ ನಿರ್ದೇಶಕರು, ಒಂದೊಂದು ಗುಂಡಿಗೆ ಒಬ್ಬ ಮೇಲ್ವಿಚಾರಕ, ನಕ್ಷೆ ಬರೆಯುವವರು, ಫೋಟೋ ತೆಗೆಯುವವರು, ಎಂ.ಎ. ಓದುತ್ತಿರುವ ವಿದ್ಯಾರ್ಥಿಗಳು, ಮತ್ತೆ ಅಗೆಯುವ ಕೂಲಿಯವರು ಇರುತ್ತಾರೆ. ನಿಮ್ಮ ಸಂಘದಲ್ಲಿ ಇತಿಹಾಸ ಓದುತ್ತಿರುವವರಿದ್ದರೆ ಅವರ ದಾರಿ ಸುಲಭ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಇತಿಹಾಸ ಮತ್ತು ಪುರಾತತ್ವ ವಿಭಾಗವಿದೆ. ಅಲ್ಲಿನ ಅಧ್ಯಾಪಕರನ್ನು ಹೋಗಿ ಮಾತಾಡಿಸಲಿ.

ಕೂಲಿ ಬೇಡ ಎಂದಿದ್ದೀರಿ. ನಿಮ್ಮ ಮನಸ್ಸು ದೊಡ್ಡದು. ಆದರೂ ಇಲ್ಲಿ ನನ್ನದೊಂದು ಗಟ್ಟಿ ಅಭಿಪ್ರಾಯವಿದೆ: ಕೂಲಿಯವರ ಜಾಗಕ್ಕೆ ಸ್ವಯಂಸೇವಕರು ಹೋಗಬಾರದು. ಬೇಸಿಗೆಯಲ್ಲಿ ಒಂದೆರಡು ತಿಂಗಳ ಉತ್ಖನನ ಎಂದರೆ ಊರಿನ ಹಲವು ಮನೆಗಳಿಗೆ ದುಡಿಮೆ. ಅದೂ ಅಲ್ಲದೆ, ಒಳ್ಳೆಯ ಕೂಲಿಯವರ ಕೈಗೆ ಬರುವ ಸೂಕ್ಷ್ಮ ನಮ್ಮಂಥ ಓದಿದವರಿಗೆ ಬರಲು ವರ್ಷಗಳು ಬೇಕು. ಪಿಕಾಸಿ ತಗುಲಿದ ಸದ್ದಿನಲ್ಲೇ ಇದು ಬಂಡೆ, ಇದು ಕಟ್ಟಿದ ಕಲ್ಲು ಎಂದು ಹೇಳುವವರನ್ನು ನಾನು ನೋಡಿದ್ದೇನೆ. ನೀವು ಅವರ ಪಕ್ಕದಲ್ಲಿ ನಿಂತು ಕಲಿಯಿರಿ. ನಿಮ್ಮ ಕೆಲಸ ಬೇರೆ ಕಡೆ ಬೇಕಾದಷ್ಟು ಇದೆ.

ಆ ಕೆಲಸ ಯಾವುದು ಅಂದರೆ, ಹೆಚ್ಚಿನದು ಗುಂಡಿಯ ಹೊರಗೆ. ಗುಂಡಿಯಿಂದ ಬಂದ ಮಣ್ಣನ್ನು ಜರಡಿ ಹಿಡಿಯಬೇಕು. ಸಣ್ಣ ಮಣಿ, ಗಾಜಿನ ಬಳೆಯ ಚೂರು ಸಿಗುವುದು ಜರಡಿಯಲ್ಲೇ. ಮಲೆನಾಡಿನ ಅಂಟು ಮಣ್ಣು ಒಣಜರಡಿಯಲ್ಲಿ ಇಳಿಯುವುದಿಲ್ಲ. ನೀರು ಹಾಕಿ ಕದಡಿ ಹಿಡಿಯಬೇಕಾಗುತ್ತದೆ. ಸೊಂಟ ನೋಯುತ್ತದೆ, ಕೈ ಸುಕ್ಕುಗಟ್ಟುತ್ತದೆ. ತಾಳ್ಮೆ ಇದ್ದವರಿಗೆ ಮಾತ್ರ ಈ ಕೆಲಸ.

ಆಮೇಲೆ ಮಡಕೆ ಚೂರುಗಳು. ಉತ್ಖನನದಲ್ಲಿ ಅತಿ ಹೆಚ್ಚು ಸಿಗುವುದು ಇವೇ. ದಿನಾ ಬುಟ್ಟಿಗಟ್ಟಲೆ ಬರುತ್ತವೆ. ಪ್ರತಿ ಬುಟ್ಟಿಗೂ ಒಂದು ಚೀಟಿ ಇರುತ್ತದೆ: ಊರು, ಗುಂಡಿಯ ಸಂಖ್ಯೆ, ಪದರ, ಆಳ, ತಾರೀಖು. ಚೂರುಗಳನ್ನು ತೊಳೆದು, ನೆರಳಲ್ಲಿ ಒಣಗಿಸಿ, ಬಾಯಂಚು, ತಳ, ಬಣ್ಣ ಬಳಿದವು ಎಂದು ವಿಂಗಡಿಸಿ, ಒಂದೊಂದರ ಮೇಲೂ ಸಣ್ಣ ಅಕ್ಷರದಲ್ಲಿ ಸಂಖ್ಯೆ ಬರೆಯಬೇಕು. ಬಾಯಂಚಿನ ಚೂರು ಮುಖ್ಯ, ಅದರ ಬಾಗು ನೋಡಿ ಇಡೀ ಮಡಕೆಯ ಬಾಯಿ ಎಷ್ಟು ಅಗಲವಿತ್ತು ಎಂದು ಲೆಕ್ಕ ಹಾಕುತ್ತಾರೆ. ಎಲ್ಲವನ್ನೂ ಉಜ್ಜಿ ತೊಳೆಯುವಂತಿಲ್ಲ. ಒಳಗಡೆ ಕರಿ ಅಂಟಿದ್ದರೆ ಅದು ಅಂದಿನ ಅಡುಗೆಯ ಉಳಿಕೆ ಇರಬಹುದು, ಹಾಗೇ ಬಿಡಬೇಕು. ಬಣ್ಣದ ಗೆರೆ ಇದ್ದರೆ ಬ್ರಷ್ ಮುಟ್ಟಿಸಬಾರದು. ಒಂದು ಬುಟ್ಟಿಯ ಚೀಟಿ ಇನ್ನೊಂದು ಬುಟ್ಟಿಗೆ ಹೋದರೆ ಆ ಎರಡೂ ಬುಟ್ಟಿಗಳು ಕೆಟ್ಟಂತೆಯೇ. ಹಾಗಾಗಿ ಅಕ್ಷರ ದುಂಡಗಿರುವ, ಗಮನ ಕೆಡದ ಇಬ್ಬರು ಸಿಕ್ಕರೆ ಶಿಬಿರದವರಿಗೆ ಎಷ್ಟು ಸಮಾಧಾನವೋ ಹೇಳಲಾರೆ.

ಇದ್ದಿಲ ಚೂರು ಕಂಡರೆ ಬರಿಗೈಯಲ್ಲಿ ಎತ್ತಬೇಡಿ. ಮೇಲ್ವಿಚಾರಕರನ್ನು ಕರೆಯಿರಿ. ಅವರು ಶುದ್ಧ ಚಿಮಟದಲ್ಲಿ ಎತ್ತಿ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಇಡುತ್ತಾರೆ. ಗುಂಡಿಗಳ ನಡುವೆ ಅಗೆಯದೆ ಬಿಟ್ಟ ಮಣ್ಣಿನ ಗೋಡೆಯ ಮೇಲೆ ಕೂರಬೇಡಿ, ಅಂಚಿನಲ್ಲಿ ನಿಲ್ಲಬೇಡಿ. ಪದರಗಳು ಕಾಣುವುದು ಆ ಗೋಡೆಯಲ್ಲೇ. ಕುಸಿದರೆ ಓದಲು ಏನೂ ಉಳಿಯುವುದಿಲ್ಲ, ಕೆಳಗಿದ್ದವರ ಜೀವಕ್ಕೂ ಅಪಾಯ.

ಇವೆಲ್ಲ ಉತ್ಖನನ ನಡೆದರೆ. ಆದರೆ ನಿಮ್ಮೂರಿಗೆ ತಂಡ ಮುಂದಿನ ವರ್ಷವೇ ಬರುತ್ತದೆ ಎಂದು ನಾನು ಆಸೆ ಹುಟ್ಟಿಸಲಾರೆ. ಗೊತ್ತಿರುವ ನೆಲೆಗಳಲ್ಲಿ ಬಹುಪಾಲನ್ನು ಯಾರೂ ಅಗೆದಿಲ್ಲ, ಅಗೆಯಬೇಕಾಗಿಯೂ ಇಲ್ಲ. ನಿಮ್ಮ ಸಂಘ ನಿಜವಾಗಿ ಬೆಲೆಬಾಳುವುದು ಅಗೆತದ ಮೊದಲು. ಇದಕ್ಕೆ ಯಾರ ಪರವಾನಗಿಯೂ ಬೇಡ, ಇವತ್ತೇ ಶುರು ಮಾಡಬಹುದು.

ಒಂದು ನೋಟ್‌ಬುಕ್ ಇಡಿ. ಪ್ರತಿ ಕಲ್ಲಿಗೂ ಒಂದು ಸಂಖ್ಯೆ ಕೊಡಿ, ಕಲ್ಲಿನ ಮೇಲೆ ಬರೆಯದೆ, ನಿಮ್ಮ ನಕ್ಷೆಯಲ್ಲಿ. ಎತ್ತರ, ಅಗಲ, ದಪ್ಪ ಅಳೆಯಿರಿ. ಯಾವ ಕಡೆ ವಾಲಿದೆ ಬರೆಯಿರಿ. ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ನಿಲ್ಲಿಸಿ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ತೆಗೆದರೆ ಕಲ್ಲಿನ ಮೇಲಿನ ಸಣ್ಣ ಗೀರೂ ಕಾಣುತ್ತದೆ.

ಮತ್ತೆ ಜಾಗದ ಹೆಸರುಗಳು. ಸರ್ವೆ ನಂಬರಿನಲ್ಲಿ ಇಲ್ಲದ್ದು ಅಜ್ಜಿಯರ ಬಾಯಲ್ಲಿ ಇರುತ್ತದೆ. ಕೋಟೆಹಕ್ಕಲು, ಕುಂಬಾರಗುಂಡಿ, ಹಳೇಊರು, ಕಮ್ಮಾರಗದ್ದೆ, ಇಂಥ ಹೆಸರು ಸುಮ್ನೆ ಬಂದಿರುವುದಿಲ್ಲ. ಈಗ ಅಲ್ಲಿ ಕುಂಬಾರರ ಒಂದು ಮನೆಯೂ ಇಲ್ಲದಿದ್ದರೆ, ಯಾವಾಗ ಇತ್ತು ಎಂದು ಕೇಳಬೇಕಲ್ವಾ? ಯಾವ ಸೊಪ್ಪಿನ ಬೆಟ್ಟದಲ್ಲಿ ಹಳೇ ಇಟ್ಟಿಗೆ ಸಿಗುತ್ತದೆ, ಯಾವ ಗದ್ದೆಯಲ್ಲಿ ನೇಗಿಲಿಗೆ ಕಲ್ಲುಕಟ್ಟೆ ತಾಗುತ್ತದೆ ಎಂಬುದು ಉತ್ತವರಿಗೆ ಗೊತ್ತು. ಟಿಲ್ಲರ್ ಬಂದ ಮೇಲೆ ಆ ತಿಳಿವಳಿಕೆ ಬೇಗ ಮರೆಯಾಗುತ್ತಿದೆ. ಹೊರಗಿನಿಂದ ಬಂದ ತಜ್ಞರಿಗೆ ಇದು ಹೊಳೆಯುವುದೂ ಇಲ್ಲ, ಯಾರೂ ಅವರಿಗೆ ಹೇಳುವುದೂ ಇಲ್ಲ. ನೀವು ಬರೆದಿಟ್ಟರೆ ಅದೇ ಸಮೀಕ್ಷೆಯ ಮೊದಲ ಪುಟ.

ಇನ್ನೊಂದು ಕೆಲಸವನ್ನು ಒತ್ತಾಯ ಮಾಡಿ ಹೇಳುತ್ತೇನೆ. ಬಿ.ಎಲ್. ರೈಸ್ ಅವರು ಹೊರತಂದ ಶಾಸನ ಸಂಗ್ರಹ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟ 1902ರಲ್ಲಿ, ಎಂಟನೆಯದು 1904ರಲ್ಲಿ ಬಂತು. ಎರಡೂ ಶಿವಮೊಗ್ಗ ಜಿಲ್ಲೆಯ ಶಾಸನಗಳವು. ಈಗಿನ ಹೊಸನಗರ ತಾಲ್ಲೂಕಿನ ಬಹುಪಾಲು ಎಂಟನೆಯದರಲ್ಲಿ ನಗರ ತಾಲ್ಲೂಕು ಎಂದು ಬರುತ್ತದೆ. ನಿಮ್ಮ ಹೋಬಳಿಯ ಶಾಸನಗಳ ಪಟ್ಟಿ ಮಾಡಿಕೊಳ್ಳಿ. ಒಂದೊಂದನ್ನೂ ಹುಡುಕಿ ಹೋಗಿ, ಇದೆಯೇ, ಎಲ್ಲಿದೆ, ಹೇಗಿದೆ ಎಂದು ನೋಡಿ. ನೂರಿಪ್ಪತ್ತು ವರ್ಷದ ಹಿಂದೆ ದೇವಸ್ಥಾನದ ಮುಂದಿದ್ದ ಕಲ್ಲು ಈಗ ಬಟ್ಟೆ ಒಗೆಯುವ ಕಲ್ಲಾಗಿರಬಹುದು, ಮೋರಿಯ ಚಪ್ಪಡಿಯಾಗಿರಬಹುದು. ಪಟ್ಟಿಯಲ್ಲಿ ಇಲ್ಲದ್ದೂ ಸಿಕ್ಕೀತು. ವೀರಗಲ್ಲು, ಮಾಸ್ತಿಕಲ್ಲುಗಳನ್ನೂ ಸೇರಿಸಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿಡುವ ಕೆಲಸ ಮಾಡುತ್ತಿದ್ದಾರೆ. ಹಳ್ಳಿಯವರು ಕಲ್ಲು ತೋರಿಸಿದರೆ ಇಂಥ ಕೆಲಸ ಎಷ್ಟೋ ಹಗುರ. ಆದರೆ ಅಕ್ಷರ ಕಾಣಲಿ ಎಂದು ಸೀಮೆಸುಣ್ಣ, ಹಿಟ್ಟು, ಅರಿಶಿನ ತಿಕ್ಕಬೇಡಿ. ಪಾಚಿ ತೆಗೆಯಲು ತಂತಿ ಬ್ರಷ್ ಬೇಡವೇ ಬೇಡ. ವೀರಗಲ್ಲಿಗೆ ಆಯಿಲ್ ಪೇಂಟ್ ಬಳಿಯುವುದು ನಮ್ಮ ಕಡೆ ಭಕ್ತಿಯಿಂದಲೇ ನಡೆಯುತ್ತದೆ. ಪೂಜೆ ಮಾಡಿ, ಹೂವಿಡಿ, ಪೇಂಟ್ ಮಾತ್ರ ಬೇಡ ಎಂದು ಊರವರಿಗೆ ನೀವು ಹೇಳಿದರೆ ಕೇಳುತ್ತಾರೆ. ನಾವು ಹೇಳಿದರೆ ಕೇಳುವುದು ಕಷ್ಟ.

ಊರಿನವರ ಕಣ್ಣು ಎಷ್ಟು ಮುಖ್ಯ ಅನ್ನುವುದಕ್ಕೆ ನಿಮ್ಮ ತಾಲ್ಲೂಕಿನ ‘ನಗರ’ ಎಂಬ ಊರಿನ ರಾಕೆಟ್‌ಗಳೇ ಸಾಕು. 2002ರಲ್ಲಿ ಅಲ್ಲಿನ ಹಾಳುಬಾವಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಟಿಪ್ಪು ಕಾಲದ ಯುದ್ಧದ ರಾಕೆಟ್‌ಗಳು ಎಂದು ಗೊತ್ತಾಗಲು ಕೆಲವು ವರ್ಷ ಹಿಡಿಯಿತು. ಬಾವಿಯ ಕೆಸರಿನಲ್ಲಿ ಮದ್ದಿನ ವಾಸನೆ ಇತ್ತು. 2018ರ ಜುಲೈನಲ್ಲಿ ರಾಜ್ಯ ಪುರಾತತ್ವ ಇಲಾಖೆಯವರು ಆ ಬಾವಿಯನ್ನು ತೆಗೆಸಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಬಂದವು. ಮೊದಲ ಕೊಳವೆಗಳನ್ನು ಯಾರಾದರೂ ಗುಜರಿಗೆ ಹಾಕಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಮದ್ದಿನ ಶಂಕೆ ಇರುವ ಯಾವ ವಸ್ತುವನ್ನೂ ಮುಟ್ಟದೆ ಪೊಲೀಸರಿಗೂ ಇಲಾಖೆಗೂ ತಿಳಿಸಬೇಕು, ಅದು ನೆನಪಿರಲಿ.

ಇಲ್ಲಿ ಎಲ್ಲ ನೋಡಿ ಆಗಿದೆ ಎಂಬ ಮಾತನ್ನೂ ನಂಬಬೇಡಿ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನ, ಮಯೂರಶರ್ಮನ ಕಥೆ ಹೇಳುವಂಥದ್ದು, ರೈಸ್ ಕಾಲದಿಂದಲೂ ಎಲ್ಲರಿಗೂ ಗೊತ್ತು. ಆದರೆ ಅದೇ ಪ್ರಣವೇಶ್ವರ ದೇವಸ್ಥಾನದ ಬಳಿ 2013-14ರಲ್ಲಿ ಪುರಾತತ್ವ ಸರ್ವೇಕ್ಷಣೆಯವರು ಅಗೆದಾಗ ಸಿಂಹ ಕಟಾಂಜನದ (ಮೆಟ್ಟಿಲ ಬದಿಯ ಸಿಂಹದ ಕೈಪಿಡಿಗೋಡೆಯ) ಶಾಸನ ಹೊರಬಂತು. ಅದು ಕ್ರಿ.ಶ. 370ರ ಹೊತ್ತಿನದು, ಹಲ್ಮಿಡಿ ಶಾಸನಕ್ಕಿಂತ ಹಳೆಯದು ಎಂಬುದು ಅವರ ಅಭಿಪ್ರಾಯ. ನೂರಕ್ಕೂ ಹೆಚ್ಚು ವರ್ಷ ವಿದ್ವಾಂಸರು ಓಡಾಡಿದ ಜಾಗ ಅದು.

ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ 2024ರ ನವೆಂಬರ್‌ನಲ್ಲಿ ಹಿತ್ತಿಲು, ಬೀದಿಗಳಲ್ಲಿ ಬಿದ್ದಿದ್ದ ಶಿಲ್ಪ, ಶಾಸನಗಳನ್ನು ಊರವರ ನೆರವಿನಿಂದ ಒಟ್ಟುಗೂಡಿಸಿದ್ದನ್ನು ನೀವು ಓದಿರಬಹುದು. ಒಳ್ಳೆಯ ಕೆಲಸ. ಆದರೆ ಅದನ್ನು ನೋಡಿ ನಿಮ್ಮ ಬ್ಯಾಣದಲ್ಲಿ ಚೂರುಗಳನ್ನು ಆರಿಸಲು ಹೋಗಬೇಡಿ. ಅಲ್ಲಿನವು ಆಗಲೇ ತಮ್ಮ ಜಾಗ ಬಿಟ್ಟು ಬಂದಿದ್ದ ಕಲ್ಲುಗಳು, ಇಲಾಖೆಯೇ ಮುಂದೆ ನಿಂತು ಮಾಡಿಸಿದ ಕೆಲಸ. ನಿಮ್ಮಲ್ಲಿ ಇನ್ನೂ ತಮ್ಮ ಜಾಗದಲ್ಲೇ ಇವೆ.

ತೋಟದ ಭಯಕ್ಕೆ ಬರೋಣ. ಹಿರಿಯರ ಹೆದರಿಕೆಯನ್ನು ಹಗುರವಾಗಿ ನೋಡಬೇಡಿ, ಶರಾವತಿಯ ಅಣೆಕಟ್ಟಿಗೆ ನೆಲ ಕಳೆದುಕೊಂಡವರ ನಾಡು ಇದು. ಮಡಕೆ ಚೂರು ಸಿಕ್ಕಿತು ಎಂಬ ಕಾರಣಕ್ಕೆ ಭೂಮಿ ಸರ್ಕಾರದ್ದಾಗುವುದಿಲ್ಲ. ಒಂದು ಜಾಗವನ್ನು ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸಬೇಕಾದರೆ 1958ರ ಕಾಯ್ದೆಯ ಪ್ರಕಾರ ಮೊದಲು ಎರಡು ತಿಂಗಳ ನೋಟಿಸ್ ಕೊಡಬೇಕು, ಆಕ್ಷೇಪಣೆ ಕೇಳಬೇಕು. ಖಾಸಗಿ ಜಮೀನಿನಲ್ಲಿ ಉತ್ಖನನ ಮಾಡುವುದಿದ್ದರೆ ಮಾಲೀಕರಿಗೆ ತಿಳಿಸಬೇಕು. ಅಗೆತದಿಂದ ಆದಾಯಕ್ಕೆ ನಷ್ಟವಾದರೆ ಪರಿಹಾರ ಕೊಡಬೇಕೆಂದು ಅದೇ ಕಾಯ್ದೆಯಲ್ಲಿದೆ. ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ: ಹಾಗೆ ಘೋಷಣೆಯಾದರೆ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು. ಹಿರಿಯರಿಗೆ ಎರಡನ್ನೂ ಹೇಳಿ. ಅರ್ಧ ಹೇಳಿ ಒಪ್ಪಿಸಿದರೆ ಮುಂದೆ ಇಡೀ ಊರು ಪುರಾತತ್ವದ ಹೆಸರು ಕೇಳಿದರೇ ದೂರ ಹೋಗುತ್ತದೆ. ನಾಣ್ಯ, ಬಂಗಾರದಂಥದ್ದು ಸಿಕ್ಕರೆ ಮಾತ್ರ ತಡ ಮಾಡದೆ ಜಿಲ್ಲಾಧಿಕಾರಿಗೆ ತಿಳಿಸಬೇಕು, ಅದಕ್ಕೆ ನಿಧಿ ಕಾಯ್ದೆ ಬೇರೆ ಇದೆ. ಮುಚ್ಚಿಟ್ಟರೆ ಅಪರಾಧ.

ಕಲ್ಲುಗಳ ಫೋಟೋವನ್ನು ಲೊಕೇಶನ್ ಸಮೇತ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಬೇಡಿ. ನಿಧಿಗಳ್ಳರಿಗೆ ದಾರಿ ತೋರಿಸಿದಂತಾಗುತ್ತದೆ.

ಆರೋಗ್ಯದ ಮಾತು ಒಂದು ಇದೆ, ಹೊರಗಿನ ತಜ್ಞರಿಗೆ ಇದು ಗೊತ್ತಿರುವುದಿಲ್ಲ, ನೀವೇ ಅವರಿಗೆ ಹೇಳಬೇಕು. ಮಳೆಗಾಲದಲ್ಲಿ ನಮ್ಮಲ್ಲಿ ಉತ್ಖನನ ಮಾಡುವುದು ಕಷ್ಟ, ಆದ್ದರಿಂದ ಕೆಲಸಕ್ಕೆ ಅನುಕೂಲದ ಕಾಲ ಡಿಸೆಂಬರ್‌ನಿಂದ ಮೇ. ಮಂಗನ ಕಾಯಿಲೆಯ ಕಾಲವೂ ಅದೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗು (ಪ್ರಾಣಿಗಳ ಮೈಗೆ ಅಂಟಿ ರಕ್ತ ಹೀರುವ ಸಣ್ಣ ಹುಳ) ಕಚ್ಚಿ ಬರುತ್ತದೆ. ಬ್ಯಾಣ, ಸೊಪ್ಪಿನ ಬೆಟ್ಟದಲ್ಲಿ ಓಡಾಡುವಾಗ ತುಂಬು ತೋಳಿನ ಅಂಗಿ, ಪ್ಯಾಂಟು ಹಾಕಿ, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಳ್ಳಿ. ಒಣಗಿದ ಎಲೆಯ ಮೇಲೆ ಕೂರಬೇಡಿ, ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ನೆನೆಸಿ. ಸತ್ತ ಮಂಗ ಕಂಡರೆ ಆ ಕಡೆ ಸಮೀಕ್ಷೆ ನಿಲ್ಲಿಸಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಕೊನೆಯದಾಗಿ ಪತ್ರ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಕೈಯಾರೆ ಕೊಡಿ, ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ಗ್ರಾಮ ಪಂಚಾಯಿತಿಗೆ. ಸರ್ವೆ ನಂಬರು, ಕಲ್ಲುಗಳ ನಕ್ಷೆ, ಫೋಟೋ, ಜಮೀನಿನವರ ಒಪ್ಪಿಗೆ ಜೊತೆಗಿರಲಿ. ಉತ್ಖನನ ಬೇಕು ಎಂದು ಕೇಳಬೇಡಿ, ಬಂದು ನೋಡಿ ಎಂದು ಕೇಳಿ. ನಿಮ್ಮ ಸಂಘ ಏನು ಮಾಡಬಲ್ಲದು ಅಂತಲೂ ಬರೆಯಿರಿ: ಉಳಿಯಲು ಶಾಲೆಯ ಕೋಣೆ ಕೊಡಿಸಬಹುದೇ, ಚೂರು ತೊಳೆಯಲು ನೀರು ಇದೆಯೇ, ರಾತ್ರಿ ಗುಂಡಿ ಕಾಯಲು ಜನ ಇದ್ದಾರೆಯೇ, ಮಳೆ ಬೀಳುವ ಮೊದಲು ಗುಂಡಿ ಮುಚ್ಚಲು ಆಳು ಸಿಗುತ್ತಾರೆಯೇ. ತಂಡದವರು ಜಾಗ ಆರಿಸುವಾಗ ಇವನ್ನೆಲ್ಲ ನೋಡುತ್ತಾರೆ.

ಬಸಿಗಾಲುವೆಯಲ್ಲಿ ಸಿಕ್ಕ ಚೂರುಗಳನ್ನು ತೊಳೆಯಬೇಡಿ. ಪ್ಲಾಸ್ಟಿಕ್ ಚೀಲದಲ್ಲಿದ್ದರೆ ತೆಗೆದು ನೆರಳಲ್ಲಿ ಒಣಗಿಸಿ, ಬಟ್ಟೆಯ ಚೀಲಕ್ಕೆ ಹಾಕಿ. ಕಿಟ್ಟ ಬೇರೆ ಚೀಲದಲ್ಲಿ. ಕಾಲುವೆಯ ಯಾವ ತುದಿಯಿಂದ ಎಷ್ಟು ಮಾರು ದೂರದಲ್ಲಿ, ಎಷ್ಟು ಆಳದಲ್ಲಿ, ಯಾವ ತಿಂಗಳಲ್ಲಿ, ಯಾರಿಗೆ ಸಿಕ್ಕಿತು ಎಂದು ಕಾಲುವೆ ತೋಡಿದವರನ್ನೇ ಕೇಳಿ ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ಅವರಿಗೆ ನೆನಪಿರುವಾಗಲೇ, ಈ ವಾರವೇ ಕೇಳಿ.